ಯೋಗಾಸನಗಳ ವಯಸ್ಸು ಮತ್ತು ಪ್ರಯೋಜನ

ಜೂನ್ ತಿಂಗಳ ೨೧ನೆಯ ತಾರೀಕೆಂದರೆ ನಮ್ಮ ಕಾಸರಗೋಡಿನ ಕಡೆ ಮಳೆ ಬಿಡುವು ಕೊಡದ ಕಾಲ. ಶಾಲೆಯ ಆಟದ ಬಯಲು ಕೆರೆಯಂತಾಗಿರುತ್ತದೆ. ಆದುದರಿಂದ ಯೋಗದಿನದ ಕಾರ್ಯಕ್ರಮವನ್ನು ನಾವು ಪ್ರತಿವರ್ಷವೂ ಸಭಾಂಗಣದೊಳಗೇ ನಡೆಸುವುದು ರೂಢಿ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಸಭೆಗೆ ದಯಮಾಡಿಸಿದ್ದ ಅತಿಥಿಗಳೊಬ್ಬರು, ಮಕ್ಕಳು ಆಗತಾನೆ ಮಾಡಿ ಮುಗಿಸಿದ ಸೂರ್ಯನಮಸ್ಕಾರವು ಐದು ಸಾವಿರ ವರ್ಷಗಳಿಂದ ಹೀಗೆಯೇ ನಡೆದುಬಂದಿದೆಯೆಂದೂ, ಅದನ್ನು ತಪ್ಪದೆ ಮಾಡುವವರ ಹತ್ತಿರ ಯಾವ ರೋಗವೂ ಸುಳಿಯದೆಂದೂ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನು.

ಸಭೆ ಮುಗಿದ ಮೇಲೆ, ಬಾಗಿಲ ಬಳಿಯ ರಾಶಿಯಲ್ಲಿ ತನ್ನ ಕೊಡೆಯನ್ನು ಹುಡುಕುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕಂಡು, "ಸರ್, ಐದು ಸಾವಿರ ವರ್ಷ ಅಂತ ಲೆಕ್ಕ ಹಾಕಿದವರು ಯಾರು?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಚರಿತ್ರೆಯಲ್ಲಿ ಯಾವ ಮಾತನ್ನು ಕೇಳಿದರೂ ಆಧಾರವೇನೆಂದು ವಿಚಾರಿಸಬೇಕು ಎಂದು ಅವಳ ತರಗತಿಗೆ ಹೇಳಿಕೊಟ್ಟವನು ನಾನೇ. ಅದೇ ನಾನು ಹಿಂದಿನ ಎಷ್ಟೋ ವರ್ಷ ಅದೇ ಐದು ಸಾವಿರದ ಮಾತನ್ನು ಬೋರ್ಡಿನ ಮುಂದೆ ನಿಂತು ಹೇಳಿದವನೂ ಹೌದು. "ನೋಡಿ ಹೇಳುತ್ತೇನೆ, ಮಗೂ" ಎಂದು ಆ ಹೊತ್ತಿಗೆ ತಪ್ಪಿಸಿಕೊಂಡೆನು. ಈ ಲೇಖನವು ಆ ಸಾಲವನ್ನು ತೀರಿಸುವ ಪ್ರಯತ್ನ.

ಮೊದಲಿಗೇ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಯೋಗವೆಂಬ ಒಂದೇ ಹೆಸರಿನಿಂದ ನಾವು ಇಂದು ಮೂರು ಸಂಗತಿಗಳನ್ನು ಕರೆಯುತ್ತಿದ್ದೇವೆ. ಇಂದ್ರಿಯಗಳನ್ನೂ ಮನಸ್ಸನ್ನೂ ಒಂದೆಡೆ ನಿಲ್ಲಿಸುವ ಸಾಧನೆ ಮೊದಲನೆಯದು. ದೇಹವನ್ನೂ ಉಸಿರನ್ನೂ ಹಿಡಿದು ಸಿದ್ಧಿಯನ್ನು ಅರಸುವ ಹಠಯೋಗ ಎರಡನೆಯದು. ಆರೋಗ್ಯಕ್ಕಾಗಿ ತರಗತಿಯಲ್ಲಿ ಸಾಲಾಗಿ ನಿಂತು ಮಾಡುವ ಆಸನಗಳ ವ್ಯಾಯಾಮ ಮೂರನೆಯದು. ಇವು ಮೂರೂ ಬಂಧುಗಳೇ. ಆದರೆ ಮೂರಕ್ಕೂ ವಯಸ್ಸು ಒಂದೇ ಅಲ್ಲ. ಅಜ್ಜನ ವಯಸ್ಸನ್ನು ಮೊಮ್ಮಗನಿಗೆ ಹೇಳುವುದರಿಂದಲೇ ಗೊಂದಲವೆಲ್ಲ ಹುಟ್ಟುತ್ತದೆ.

೧. ಮುದ್ರೆಯ ಸಾಕ್ಷ್ಯ

ಐದು ಸಾವಿರ ವರ್ಷದ ಲೆಕ್ಕಕ್ಕೆ ಸಾಮಾನ್ಯವಾಗಿ ಕೊಡುವ ಆಧಾರ ಮೊಹೆಂಜೊದಾರೊವಿನಲ್ಲಿ ದೊರೆತ ಒಂದು ಚಿಕ್ಕ ಮುದ್ರೆ. ಕೊಂಬಿನ ಶಿರೋಭೂಷಣ ಧರಿಸಿದ ಒಂದು ಆಕೃತಿ ಹಿಮ್ಮಡಿಗಳನ್ನು ಕೂಡಿಸಿ, ಮೊಣಕಾಲುಗಳನ್ನು ಅಗಲಿಸಿ ಕುಳಿತಿದೆ. ಸುತ್ತಲೂ ಆನೆ, ಹುಲಿ, ಖಡ್ಗಮೃಗ, ಕೋಣಗಳಿವೆ. ಪುರಾತತ್ವ ಇಲಾಖೆಯ ಅಧಿಪತಿಗಳಾಗಿದ್ದ ಜಾನ್ ಮಾರ್ಷಲ್ ಅವರು ೧೯೩೧ರಲ್ಲಿ ಪ್ರಕಟವಾದ ತಮ್ಮ ಬೃಹದ್ಗ್ರಂಥದಲ್ಲಿ ಇದನ್ನು ಶಿವನ ಪೂರ್ವರೂಪವೆಂದೂ ಯೋಗದ ಭಂಗಿಯೆಂದೂ ಗುರುತಿಸಿದರು. ಅಂದಿನಿಂದ ಇದು ಪಾಠಪುಸ್ತಕಗಳಲ್ಲಿ ನೆಲೆಗೊಂಡಿತು.

ಆದರೆ ಅನಂತರದ ವಿದ್ವಾಂಸರು ಈ ಗುರುತನ್ನು ಪ್ರಶ್ನಿಸಿದ್ದಾರೆ. ಆ ಆಕೃತಿಗೆ ಕೋಣದ ಲಕ್ಷಣಗಳೇ ಹೆಚ್ಚೆಂದು ಕೆಲವರು ವಾದಿಸಿದ್ದಾರೆ. ಹಾಗೆ ಕುಳಿತುಕೊಳ್ಳುವುದು ಪುರಾತನ ಜನರಲ್ಲಿ ಸಾಮಾನ್ಯವಾಗಿ ಕಾಣುವ ಕೂರುವ ರೀತಿಯೇ ಹೊರತು ಸಾಧನೆಯ ಗುರುತಾಗಬೇಕಾಗಿಲ್ಲ ಎಂಬುದು ಇನ್ನು ಕೆಲವರ ಮತ. ಮುಖ್ಯವಾದುದೆಂದರೆ, ಮುದ್ರೆಯ ಮೇಲಿನ ಬರಹವನ್ನು ಎಲ್ಲರೂ ಒಪ್ಪುವಂತೆ ಓದಿದವರು ಈವರೆಗೆ ಯಾರೂ ಇಲ್ಲ. ಮಾತಿಲ್ಲದ ಚಿತ್ರದ ಬಾಯಿಯಿಂದ ನಮ್ಮ ಮಾತನ್ನು ಆಡಿಸಬಾರದು. ಕಕ್ಷಿಗಾರನಿಗೆ ಬೇಕಾದುದನ್ನು ಸಾಕ್ಷಿ ಹೇಳಲಿಲ್ಲವೆಂದರೆ ಸಾಕ್ಷಿಯನ್ನು ಬಯ್ಯುವುದು ನ್ಯಾಯವಲ್ಲ. ಬೇರೆ ಸಾಕ್ಷಿಯನ್ನು ಹುಡುಕಬೇಕು.

೨. ಮನಸ್ಸಿನ ಯೋಗ

ಬೇರೆ ಸಾಕ್ಷಿಗಳು ಇವೆ, ಅವು ಗಟ್ಟಿಯಾದವು. ಋಗ್ವೇದದ ಹತ್ತನೆಯ ಮಂಡಲದಲ್ಲಿ ನೀಳವಾದ ಕೂದಲಿನ, ಗಾಳಿಯನ್ನೇ ಉಟ್ಟ ಮುನಿಗಳನ್ನು ವರ್ಣಿಸುವ ಒಂದು ಸೂಕ್ತವಿದೆ. ಅವರು ತಪಸ್ವಿಗಳೆಂದು ಹೇಳಬಹುದು. ಯೋಗವೆಂಬ ಹೆಸರು ಅಲ್ಲಿಲ್ಲ. ಯೋಗವೆಂದರೆ ಇಂದ್ರಿಯಗಳನ್ನು ಸ್ಥಿರವಾಗಿ ಹಿಡಿಯುವುದು ಎಂಬ ಅರ್ಥ ನಿಚ್ಚಳವಾಗಿ ಕಾಣಿಸಿಕೊಳ್ಳುವುದು ಕಠೋಪನಿಷತ್ತಿನಲ್ಲಿ. ಅದು ಕ್ರಿಸ್ತಪೂರ್ವದ ಕೆಲವು ಶತಮಾನಗಳಷ್ಟು ಹಿಂದಿನದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಶ್ವೇತಾಶ್ವತರೋಪನಿಷತ್ತಿನ ಎರಡನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ಕಲ್ಲು ಮರಳುಗಳಿಲ್ಲದ ಸಮತಟ್ಟಾದ ನೆಲದಲ್ಲಿ, ಗದ್ದಲವಿಲ್ಲದ ಎಡೆಯಲ್ಲಿ, ಎದೆ ಕತ್ತು ತಲೆಗಳನ್ನು ನೇರವಾಗಿರಿಸಿ ಕುಳಿತು ಉಸಿರನ್ನು ಹದಗೊಳಿಸುವ ಕ್ರಮವನ್ನು ಹೇಳುತ್ತದೆ. ಮೈ ಹಗುರವಾಗುವುದು, ಆರೋಗ್ಯ ಕಾಣಿಸಿಕೊಳ್ಳುವುದು ಯೋಗದ ಮೊದಲ ಗುರುತುಗಳೆಂದು ಅಲ್ಲಿಯೇ ಹೇಳಿದೆ. ಯೋಗಕ್ಕೂ ಆರೋಗ್ಯಕ್ಕೂ ನಂಟನ್ನು ಕಟ್ಟಿದ ಬಹು ಹಳೆಯ ಮಾತುಗಳಲ್ಲಿ ಇದೊಂದು. ಆದರೆ ಅದು ಮೊದಲ ಗುರುತು ಮಾತ್ರ, ಕೊನೆಯ ಗುರಿಯಲ್ಲ ಎಂಬುದನ್ನು ಮರೆಯಬಾರದು.

ಈ ಸಾಧನೆ ಒಂದೇ ಮತದ ಸೊತ್ತಾಗಿರಲಿಲ್ಲ. ಗೌತಮ ಬುದ್ಧನು ಆಳಾರ ಕಾಲಾಮ, ಉದ್ದಕ ರಾಮಪುತ್ತ ಎಂಬ ಇಬ್ಬರು ಗುರುಗಳಲ್ಲಿ ಧ್ಯಾನವನ್ನು ಕಲಿತನೆಂದು ಪಾಳಿ ಗ್ರಂಥಗಳು ತಿಳಿಸುತ್ತವೆ. ಜೈನರಲ್ಲಿ ಕಾಯೋತ್ಸರ್ಗವೆಂಬ ನಿಲುವು ಇದೆ: ನೆಟ್ಟಗೆ ನಿಂತು, ಕೈಗಳನ್ನು ಇಳಿಬಿಟ್ಟು, ದೇಹದ ಮೇಲಿನ ಮಮತೆಯನ್ನು ತೊರೆಯುವುದು. ಇದನ್ನು ತಿಳಿಯಲು ಪುಸ್ತಕ ಬೇಡ. ಸುಮಾರು ಕ್ರಿ. ಶ. ೯೮೧ರ ಶ್ರವಣಬೆಳಗೊಳದ ಗೊಮ್ಮಟನೂ ೧೪೩೨ರ ಕಾರ್ಕಳದ ಗೊಮ್ಮಟನೂ ಆ ನಿಲುವಿನಲ್ಲಿಯೇ ನಿಂತಿದ್ದಾರೆ. ಕಾಲಿಗೆ ಬಳ್ಳಿ ಹಬ್ಬಿದರೂ ಕದಲದ ಆ ನಿಲುವನ್ನು ನಮ್ಮ ಮಕ್ಕಳು ಶೈಕ್ಷಣಿಕ ಪ್ರವಾಸದಲ್ಲಿ ಕಂಡೇ ಇರುತ್ತಾರೆ. ಅದು ಯೋಗದ ಪಾಠವೆಂದು ಮಾತ್ರ ನಾವು ಹೇಳಿಕೊಟ್ಟಿರುವುದಿಲ್ಲ.

ಇವೆಲ್ಲವನ್ನೂ ಶಾಸ್ತ್ರರೂಪದಲ್ಲಿ ಕೂಡಿಸಿದ ಗ್ರಂಥ ಪತಂಜಲಿಯ ಯೋಗಸೂತ್ರ. ವ್ಯಾಕರಣ ಮಹಾಭಾಷ್ಯವನ್ನು ಬರೆದ ಪತಂಜಲಿಯೇ ಇದರ ಕರ್ತೃವೆಂಬುದು ಸಂಪ್ರದಾಯ. ಸೂತ್ರಗಳ ಕಾಲ ಸುಮಾರು ಕ್ರಿ. ಶ. ೪೦೦ರ ಆಸುಪಾಸೆಂಬುದು ಈಗಿನ ಹಲವು ಸಂಶೋಧಕರ ನಿರ್ಣಯ. ನಾಲ್ಕು ಪಾದಗಳಲ್ಲಿ ಒಟ್ಟು ೧೯೬ ಸೂತ್ರಗಳು; ಕೆಲವು ಪಾಠಗಳಲ್ಲಿ ೧೯೫. ಇವುಗಳಲ್ಲಿ ಆಸನವನ್ನು ಕುರಿತವು ಎಷ್ಟೆಂದು ಎಣಿಸಿದರೆ ವಾಚಕರಿಗೆ ಆಶ್ಚರ್ಯವಾದೀತು: ಕೇವಲ ಮೂರು. ಬಹುಕಾಲ ಕದಲದೆ, ಬೇನೆಯಿಲ್ಲದೆ ಕುಳಿತಿರಲು ಬರುವ ಭಂಗಿಯೇ ಅಲ್ಲಿ ಆಸನ. ಒಂದು ಆಸನದ ಹೆಸರನ್ನೂ ಸೂತ್ರಕಾರನು ಹೇಳಿಲ್ಲ. ರೋಗದ ಮಾತು ಒಂದು ಕಡೆ ಬರುತ್ತದೆ. ಚಿತ್ತವನ್ನು ಚದರಿಸುವ ಒಂಬತ್ತು ಅಡ್ಡಿಗಳನ್ನು ಎಣಿಸುವಾಗ ಮೊದಲನೆಯದಾಗಿ ವ್ಯಾಧಿಯನ್ನು ಹೆಸರಿಸಿದ್ದಾನೆ. ಅಂದರೆ ಆರೋಗ್ಯವು ಪತಂಜಲಿಗೆ ದಾರಿಯ ಮೇಲಿನ ಕಲ್ಲನ್ನು ಸರಿಸುವ ಕೆಲಸ, ತಲುಪಬೇಕಾದ ಊರಲ್ಲ.

೩. ದೇಹದ ಯೋಗ

ದೇಹವನ್ನೇ ಸಾಧನೆಯ ಕಣವನ್ನಾಗಿ ಮಾಡಿಕೊಂಡವರು ಹಠಯೋಗಿಗಳು. ಈ ಮಾರ್ಗದ ಗ್ರಂಥಗಳು ಕ್ರಿ. ಶ. ೧೧ನೆಯ ಶತಮಾನದಿಂದ ಈಚೆಗೆ ದೊರೆಯುತ್ತವೆ. ಇದರ ಚರಿತ್ರೆಯಲ್ಲಿ ನಮ್ಮ ನೆರೆಯ ಊರೊಂದಕ್ಕೆ ಸ್ಥಾನವಿದೆ. ಕಾಸರಗೋಡಿನಿಂದ ಉತ್ತರಕ್ಕೆ ಸುಮಾರು ಐವತ್ತು ಕಿಲೋಮೀಟರು ಹೋದರೆ ಮಂಗಳೂರಿನ ಕದ್ರಿ. ಅಲ್ಲಿನ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮನು ಕ್ರಿ. ಶ. ೯೬೮ರಲ್ಲಿ ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ವಿಹಾರವೆಂಬ ಮಾತೂ ಲೋಕೇಶ್ವರನೆಂಬ ಹೆಸರೂ ಬೌದ್ಧರವು. ಅದೇ ಗುಡ್ಡದ ಮೇಲೆ ಇಂದು ಇರುವುದು ನಾಥಪಂಥದ ಜೋಗಿ ಮಠ. ಮತ್ಸ್ಯೇಂದ್ರನಾಥ, ಗೋರಕ್ಷನಾಥರ ಹೆಸರುಗಳು ಅಲ್ಲಿ ಇಂದಿಗೂ ಪೂಜ್ಯವಾಗಿವೆ. ಹನ್ನೆರಡು ವರ್ಷಕ್ಕೊಮ್ಮೆ ನಾಶಿಕದ ಕುಂಭಮೇಳದ ಬಳಿಕ ನಾಥ ಸಾಧುಗಳ ತಂಡವೊಂದು ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಕದ್ರಿಗೆ ಬಂದು ಮಠಕ್ಕೆ ಹೊಸ ಅಧಿಪತಿಯನ್ನು ಕೂರಿಸುವ ಪದ್ಧತಿಯೂ ನಡೆದಿದೆ. ಬೌದ್ಧ ಸಿದ್ಧರ ಸಾಧನೆ ನಾಥರ ಹಠಯೋಗವಾಗಿ ಮಾರ್ಪಟ್ಟ ಕೊಂಕಣ ಕರಾವಳಿಯ ಎಡೆಗಳಲ್ಲಿ ಕದ್ರಿಯೂ ಒಂದೆಂದು ಸಂಸ್ಕೃತ ವಿದ್ವಾಂಸ ಜೇಮ್ಸ್ ಮ್ಯಾಲಿನ್‌ಸನ್ ಅವರು ವಾದಿಸಿದ್ದಾರೆ.

ಕನ್ನಡ ಸಾಹಿತ್ಯಕ್ಕೂ ಈ ಹಠಯೋಗ ಪರಿಚಿತವೇ. ೧೫ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುವೂ ಗೋರಕ್ಷನೂ ಎದುರಾಗುವ ಪ್ರಸಂಗವನ್ನು ಅಧ್ಯಾಪಕರೆಲ್ಲರೂ ಬಲ್ಲರು. ಗೋರಕ್ಷನ ವಜ್ರದೇಹಕ್ಕೆ ಕತ್ತಿ ತಾಗಿದರೆ ಖಣಿಲೆನ್ನುತ್ತದೆ. ಅಲ್ಲಮನ ಮೈಗೆ ಬೀಸಿದರೆ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿಮಾಡುವುದು ಯೋಗವೋ, ದೇಹದ ಹಂಗನ್ನು ಬಿಡುವುದು ಯೋಗವೋ ಎಂಬ ಚರ್ಚೆ ಆಗಲೇ ನಮ್ಮ ನುಡಿಯಲ್ಲಿ ನಡೆದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಸಂಸ್ಕೃತದ ಶಿವಯೋಗಪ್ರದೀಪಿಕೆಗೆ ನಿಜಗುಣ ಶಿವಯೋಗಿಗಳು ಕನ್ನಡದಲ್ಲಿ ವ್ಯಾಖ್ಯಾನ ಬರೆದುದನ್ನೂ ಇಲ್ಲಿ ನೆನೆಯಬೇಕು.

ಇನ್ನು ಆಸನಗಳ ಸಂಖ್ಯೆ ಬೆಳೆದ ಬಗೆಯನ್ನು ನೋಡೋಣ. ೧೩ನೆಯ ಶತಮಾನದ ದತ್ತಾತ್ರೇಯ ಯೋಗಶಾಸ್ತ್ರವು ಆಸನಗಳು ಎಂಬತ್ತನಾಲ್ಕು ಲಕ್ಷವೆಂದು ಹೇಳಿ, ವಿವರಿಸುವುದು ಪದ್ಮಾಸನವೊಂದನ್ನೇ. ೧೫ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ೧೫ ಆಸನಗಳಿವೆ. ಮಯೂರಾಸನ, ಧನುರಾಸನಗಳಂತಹ ಕುಳಿತು ಮಾಡದ ಆಸನಗಳೂ ಅವುಗಳಲ್ಲಿ ಸೇರಿವೆ. ಜಠರಾಗ್ನಿ ಹೆಚ್ಚುತ್ತದೆ, ಆಯಾಸ ಕಳೆಯುತ್ತದೆ ಎಂಬಂತಹ ದೇಹದ ಪ್ರಯೋಜನಗಳೂ ಅಲ್ಲಿ ಹೇಳಿವೆ. ಘೇರಂಡಸಂಹಿತೆಯಲ್ಲಿ ೩೨ ಆಸನಗಳು. ಸುಮಾರು ೧೮ನೆಯ ಶತಮಾನದ, ಕಪಾಲಕುರಂಟಕನ ಹಠಾಭ್ಯಾಸಪದ್ಧತಿಯಲ್ಲಿ ೧೧೨. ಹಂಪೆಯ ದೇವಾಲಯಗಳ ಕಂಬಗಳಲ್ಲಿ ೧೬ನೆಯ ಶತಮಾನದ ಶಿಲ್ಪಿಗಳು ಕಡೆದ ಯೋಗಿಗಳು ಕಾಲನ್ನು ಕತ್ತಿನ ಹಿಂದಕ್ಕೆ ತಂದು, ಕೈಯ ಮೇಲೆ ಮೈಯೆತ್ತಿ ತೋರುವ ಕಠಿನ ಭಂಗಿಗಳಲ್ಲಿದ್ದಾರೆ. ಇವುಗಳಲ್ಲಿ ಹಲವು ಆ ಕಾಲದ ಗ್ರಂಥಗಳಲ್ಲಿ ಕಾಣದಂತಹವು. ಗ್ರಂಥ ಹೇಳದೆ ಬಿಟ್ಟುದನ್ನು ಕಲ್ಲು ಉಳಿಸಿಕೊಂಡಿದೆ.

ಒಟ್ಟಿನಲ್ಲಿ, ಆಸನಗಳ ಸಂಖ್ಯೆ ಒಂದರಿಂದ ನೂರಕ್ಕೆ ಏರಿದ್ದು ಸುಮಾರು ಐದಾರು ಶತಮಾನಗಳ ಅವಧಿಯಲ್ಲಿ. ಇದು ನಿಂತ ನೀರಲ್ಲ, ಹರಿಯುತ್ತ ಅಗಲವಾದ ಹೊಳೆ. ಮೂಲದ ತೊರೆಯನ್ನು ತೋರಿಸಿ ಕಡವಿನ ಅಗಲವನ್ನು ಹೇಳಲಾಗದು.

೪. ಮೈಸೂರಿನ ಯೋಗಶಾಲೆ

ಈ ಹೊಳೆ ಶಾಲೆಯ ಅಂಗಳಕ್ಕೆ ತಿರುಗಿದ್ದು ೨೦ನೆಯ ಶತಮಾನದಲ್ಲಿ. ಸ್ವಾಮಿ ವಿವೇಕಾನಂದರು ೧೮೯೬ರ ತಮ್ಮ ರಾಜಯೋಗ ಗ್ರಂಥದಲ್ಲಿ ಪತಂಜಲಿಯನ್ನು ಪ್ರಪಂಚಕ್ಕೆ ಪರಿಚಯಿಸಿದರು. ಆದರೆ ಹಠಯೋಗದ ದೇಹಸಾಧನೆಗೆ ಅವರು ಹೆಚ್ಚಿನ ಮನ್ನಣೆ ಕೊಡಲಿಲ್ಲ. ೧೯೨೪ರಲ್ಲಿ ಸ್ವಾಮಿ ಕುವಲಯಾನಂದರು ಪುಣೆಯ ಸಮೀಪದ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗಕ್ರಿಯೆಗಳ ಸಮಯದಲ್ಲಿ ದೇಹದೊಳಗೆ ಏನು ನಡೆಯುತ್ತದೆಂಬುದನ್ನು ಕ್ಷಕಿರಣದಿಂದಲೂ ಒತ್ತಡಮಾಪಕಗಳಿಂದಲೂ ಪರೀಕ್ಷಿಸಲು ತೊಡಗಿದರು. ಯೋಗಮೀಮಾಂಸಾ ಎಂಬ ಪತ್ರಿಕೆಯನ್ನೂ ಅದೇ ವರ್ಷ ಆರಂಭಿಸಿದರು. ಅದೇ ದಶಕದಲ್ಲಿ ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ಎಲ್ಲರೂ ಮಾಡಬಹುದಾದ ಅನುಕ್ರಮ ವ್ಯಾಯಾಮವಾಗಿ ಪ್ರಚಾರಗೊಳಿಸಿ ಶಾಲೆಗಳಿಗೆ ತಂದರು. ಸೂರ್ಯನಿಗೆ ನಮಸ್ಕರಿಸುವ ಪೂಜಾಕ್ರಮ ಹಳೆಯದು. ಅದು ಸಾಮೂಹಿಕ ವ್ಯಾಯಾಮವಾದುದಕ್ಕೆ ಸುಮಾರು ನೂರು ವರ್ಷ. ಹಠಯೋಗಪ್ರದೀಪಿಕೆಯ ಹದಿನೈದು ಆಸನಗಳಲ್ಲಿ ಅದು ಇಲ್ಲ.

ನಮಗೆ ಹೆಚ್ಚು ಆಪ್ತವಾದ ಅಧ್ಯಾಯ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪-೧೮೬೮) ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಸಚಿತ್ರ ಮಹಾಗ್ರಂಥದ ಒಂದು ಭಾಗದಲ್ಲಿ ೧೨೨ ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ. ಮೇಲೆ ಹೇಳಿದ ಹಠಾಭ್ಯಾಸಪದ್ಧತಿಯೇ ಇವುಗಳಿಗೆ ಮೂಲವೆಂದು ಈಚಿನ ಸಂಶೋಧನೆ ತೋರಿಸಿದೆ. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಚಿತ್ರದುರ್ಗ ಸೀಮೆಯಲ್ಲಿ ೧೮೮೮ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರನ್ನು ಕರೆಸಿಕೊಂಡು, ೧೯೩೩ರಲ್ಲಿ ಜಗನ್ಮೋಹನ ಅರಮನೆಯ ಒಂದು ಪಾರ್ಶ್ವದಲ್ಲಿ ಯೋಗಶಾಲೆಯನ್ನು ತೆರೆಯಿಸಿದರು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹುಡುಗರು. ಚುರುಕಾದ ಹುಡುಗರನ್ನು ಹಿಡಿದು ನಿಲ್ಲಿಸಬೇಕಾದರೆ ಪದ್ಮಾಸನವೊಂದರಿಂದ ಆಗದೆಂಬುದನ್ನು ಅಧ್ಯಾಪಕರಿಗೆ ವಿವರಿಸಬೇಕಾದುದಿಲ್ಲ. ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನೊಡನೆ ಹೆಜ್ಜೆಗೂಡಿಸಿ ಸಾಗುವ ವಿನ್ಯಾಸಕ್ರಮವು ಅಲ್ಲಿ ಬಳಕೆಯಲ್ಲಿತ್ತು.

ಇದರಲ್ಲಿ ಆ ಕಾಲದ ಪಾಶ್ಚಾತ್ಯ ಡ್ರಿಲ್ಲು, ಗರಡಿಗಳ ಪ್ರಭಾವವೆಷ್ಟು, ಹಳೆಯ ಹಠಯೋಗದ ಬಳುವಳಿಯೆಷ್ಟು ಎಂಬುದರಲ್ಲಿ ಮತಭೇದವಿದೆ. ಎನ್. ಇ. ಸ್ಯೋಮನ್ ಅವರು ೧೯೯೬ರಲ್ಲಿಯೂ ಮಾರ್ಕ್ ಸಿಂಗಲ್ಟನ್ ಅವರು ೨೦೧೦ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ವ್ಯಾಯಾಮಶಾಲೆಗಳ ಪ್ರಭಾವವನ್ನು ಎತ್ತಿತೋರಿಸಿದವು. ಹಠಾಭ್ಯಾಸಪದ್ಧತಿಯ ಅಧ್ಯಯನವು ಚಲನೆಯುಳ್ಳ ಆಸನಗಳು ಪಾಶ್ಚಾತ್ಯ ಡ್ರಿಲ್ಲಿಗಿಂತ ಮುಂಚೆಯೇ ನಮ್ಮಲ್ಲಿದ್ದುವೆಂಬುದನ್ನು ತಿಳಿಸಿತು. ಎರಡು ಕಡೆಯ ಮಾತಿನಲ್ಲಿಯೂ ಹುರುಳಿದೆ. ಜೀವಂತವಾದ ವಿದ್ಯೆ ನೆರೆಮನೆಯಿಂದಲೂ ಹೆಪ್ಪು ತಂದುಕೊಳ್ಳುತ್ತದೆ.

ಈ ಶಾಲೆಯಿಂದ ಹೊರಟವರು ಲೋಕಪ್ರಸಿದ್ಧರಾದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ೧೯೧೮ರ ಇನ್‌ಫ್ಲುಯೆಂಜಾ ಕಾಲದಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯಾ, ವಿಷಮಜ್ವರ, ಕ್ಷಯಗಳಿಂದ ನರಳಿದ ಬಿ. ಕೆ. ಎಸ್. ಅಯ್ಯಂಗಾರ್ಯರು ೧೯೩೪ರಲ್ಲಿ ತಮ್ಮ ಅಕ್ಕನ ಪತಿಯಾದ ಕೃಷ್ಣಮಾಚಾರ್ಯರ ಮನೆಗೆ ಬಂದರು. ೧೯೩೭ರಲ್ಲಿ ಪುಣೆಗೆ ಹೋಗಿ ನೆಲೆಸಿದರು. ೧೯೬೬ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಗ್ರಂಥದಲ್ಲಿ ಇನ್ನೂರು ಆಸನಗಳ ವಿವರಣೆಯಿದೆ. ಹಾಸನ ಸೀಮೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೇ ಉಳಿದು, ಪರದೇಶದ ಶಿಷ್ಯರನ್ನು ಲಕ್ಷ್ಮೀಪುರಕ್ಕೆ ಬರಮಾಡಿಕೊಂಡರು. ಯೋಗಶಾಲೆ ಮಾತ್ರ ೧೯೫೦ರಲ್ಲಿ ಮುಚ್ಚಿತು. ಕೃಷ್ಣಮಾಚಾರ್ಯರು ಮದರಾಸಿಗೆ ಹೋದರು. ೧೯೮೯ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಅಲ್ಲಿಯೇ ಕಾಲವಾದರು.

ಗಡಿನಾಡಿನ ಕನ್ನಡ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದುದು ಮುಂದಿನ ಅಂಶ. ಕೃಷ್ಣಮಾಚಾರ್ಯರ ಯೋಗಮಕರಂದ (೧೯೩೪) ಮತ್ತು ಯೋಗಾಸನಗಳು (೧೯೪೧), ಪಟ್ಟಾಭಿ ಜೋಯಿಸರ ಯೋಗಮಾಲಾ (೧೯೬೨), ಈ ಮೂರೂ ಮೊದಲು ಪ್ರಕಟವಾದುದು ಕನ್ನಡದಲ್ಲಿ. ಯೋಗಮಾಲಾ ಇಂಗ್ಲಿಷಿಗೆ ಬಂದುದು ೧೯೯೯ರಲ್ಲಿ. ಇಂದು ಲೋಕದ ನಗರನಗರಗಳಲ್ಲಿ ಕಲಿಸುವ ಆಸನಕ್ರಮಗಳಲ್ಲಿ ಬಹುಪಾಲು ತನ್ನ ಮೊದಲ ಪಾಠವನ್ನು ನಮ್ಮ ಮಕ್ಕಳ ಮನೆಮಾತಿನಲ್ಲಿ ಓದಿಕೊಂಡಿತು. ಆದರೂ ನಮ್ಮ ಶಾಲೆಯ ಗೋಡೆಗೆ ಹಚ್ಚಲು ಆಸನಗಳ ಚಿತ್ರಪಟ ಬೇಕೆಂದು ಹುಡುಕಿದಾಗ ದೊರೆತದ್ದು ಮಲಯಾಳ ಮತ್ತು ಇಂಗ್ಲಿಷಿನದು. ಆ ಮೂರು ಪುಸ್ತಕಗಳಲ್ಲಿ ಒಂದೂ ನಮ್ಮ ಶಾಲೆಯ ಪುಸ್ತಕ ಭಂಡಾರದಲ್ಲಿ ಇರಲಿಲ್ಲ. ಅದಕ್ಕೆ ಬೇರೆಯವರನ್ನು ದೂರುವುದಕ್ಕಿಲ್ಲ. ಅವು ಇವೆಯೆಂಬುದೇ ನನಗೆ ಗೊತ್ತಿರಲಿಲ್ಲ.

೫. ಆರೋಗ್ಯದ ಲೆಕ್ಕ

ಇನ್ನು ಅತಿಥಿಗಳ ಎರಡನೆಯ ಮಾತು: ಯಾವ ರೋಗವೂ ಸುಳಿಯದು ಎಂಬುದು. ವಯಸ್ಸಿನ ಲೆಕ್ಕದಂತೆ ಇದನ್ನೂ ತೂಗಿ ನೋಡಬೇಕು.

ಬೆನ್ನುನೋವಿನಿಂದ ಆರಂಭಿಸೋಣ, ಕುರ್ಚಿಯ ಮೇಲೆ ಕುಳಿತು ಉತ್ತರಪತ್ರಿಕೆ ತಿದ್ದುವ ನಮ್ಮ ವೃತ್ತಿಗೆ ಅದು ಹತ್ತಿರದ ಬಂಧು. ದೀರ್ಘಕಾಲದ ಸೊಂಟನೋವಿಗೆ ಯೋಗದಿಂದಾಗುವ ಪ್ರಯೋಜನವನ್ನು ಕುರಿತು ನಡೆದ ೧೨ ಪ್ರಯೋಗಗಳನ್ನು, ಅವುಗಳಲ್ಲಿ ಭಾಗವಹಿಸಿದ ೧೦೮೦ ಮಂದಿಯ ಫಲಿತಾಂಶಗಳೊಡನೆ, ಕಾಕ್ರೇನ್ ಸಂಸ್ಥೆ ೨೦೧೭ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿತು. ಏನೂ ವ್ಯಾಯಾಮ ಮಾಡದವರಿಗಿಂತ ಯೋಗ ಮಾಡಿದವರಿಗೆ ಮೂರು ಮತ್ತು ಆರು ತಿಂಗಳಲ್ಲಿ ಸ್ವಲ್ಪದಿಂದ ಮಧ್ಯಮ ಪ್ರಮಾಣದ ಗುಣ ಕಂಡಿತು. ಬೆನ್ನಿಗಾಗಿ ಮಾಡುವ ಇತರ ವ್ಯಾಯಾಮಗಳಿಗೆ ಹೋಲಿಸಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕೆಲವರಿಗೆ ನೋವು ಹೆಚ್ಚಾದುದೂ ಉಂಟು. ಪವಾಡವಲ್ಲ, ಆದರೆ ಖರ್ಚಿಲ್ಲದೆ, ಮದ್ದಿಲ್ಲದೆ ಸಿಗುವ ಅಷ್ಟು ಗುಣ ಸಣ್ಣದೂ ಅಲ್ಲ.

ಉಸಿರಿನ ವಿಷಯ ಇನ್ನೂ ಸ್ವಾರಸ್ಯವಾದುದು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ. ಇದನ್ನು ಆರಕ್ಕೆ ಇಳಿಸಿದರೆ, ರಕ್ತದೊತ್ತಡ ಏರಿಳಿದಾಗ ಹೃದಯದ ಬಡಿತವನ್ನು ಸರಿಹೊಂದಿಸುವ ದೇಹದ ಸಹಜ ವ್ಯವಸ್ಥೆ ಚುರುಕಾಗುತ್ತದೆ. ೨೦೦೧ರಲ್ಲಿ ಇಟಲಿಯ ವೈದ್ಯ ಬೆರ್ನಾರ್ಡಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನಿನಲ್ಲಿ ಹೇಳಿದವರಿಗೂ ಬೌದ್ಧರ ಮಂತ್ರವೊಂದನ್ನು ಜಪಿಸಿದವರಿಗೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬಂದು, ಈ ಫಲ ಸಮಾನವಾಗಿ ಕಂಡಿತು. ಉಸಿರಿಗೆ ಮತವಿಲ್ಲ. ಎಲ್ಲ ಮನೆಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ನಮ್ಮ ಶಾಲೆಗಳಲ್ಲಿ ಇದು ನೆನಪಿಡತಕ್ಕ ಸಂಗತಿ.

ಅಲ್ಲದೆ, ನಿಯಮಿತವಾದ ಅಭ್ಯಾಸದಿಂದ ರಕ್ತದೊತ್ತಡ ಕೊಂಚ ಇಳಿಯುವುದು, ಆತಂಕ ತಗ್ಗುವುದು, ನಿದ್ರೆ ಸುಧಾರಿಸುವುದು, ಮುದುಕರಲ್ಲಿ ದೇಹದ ಸಮತೋಲ ಹೆಚ್ಚುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಯೋಗವು ಇನ್ಸುಲಿನ್ನಿಗೆ ಬದಲಿಯಲ್ಲ, ಕ್ಷಯದ ಮಾತ್ರೆಗೆ ಬದಲಿಯಲ್ಲ, ಅರ್ಬುದಕ್ಕೆ ಮದ್ದಲ್ಲ. ವೈದ್ಯರ ಚಿಕಿತ್ಸೆಯ ಪಕ್ಕದಲ್ಲಿ ನಿಲ್ಲಲು ಅದಕ್ಕೆ ಯೋಗ್ಯತೆಯಿದೆ; ಚಿಕಿತ್ಸೆಯನ್ನು ತಳ್ಳಿ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ.

ಅಪಾಯದ ಮಾತು ಬಂದುದರಿಂದ ನನ್ನ ಅನುಭವವನ್ನು ಹೇಳುತ್ತೇನೆ. ಅಧ್ಯಾಪಕ ತರಬೇತಿಯ ದಿನಗಳಲ್ಲಿ ಪುಸ್ತಕದ ಚಿತ್ರವೊಂದನ್ನು ನೋಡಿ, ಗುರುಗಳಿಲ್ಲದೆ, ವಸತಿಗೃಹದ ಸಿಮೆಂಟು ನೆಲದ ಮೇಲೆ ಶೀರ್ಷಾಸನ ಮಾಡಲು ಹೊರಟೆನು. ಗೋಡೆಯ ಆಸರೆ ತಪ್ಪಿ ಬಿದ್ದು, ಹತ್ತು ದಿನ ಕತ್ತು ತಿರುಗಿಸಲಾಗಲಿಲ್ಲ. ಅಂದು ಪಾಠಪರೀಕ್ಷೆಯ ತರಗತಿಯಲ್ಲಿ ಮಕ್ಕಳೆಡೆಗೆ ಇಡಿಯ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದೆನು. ಮೂಳೆ ಮುರಿಯದುದು ದೈವಕೃಪೆ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುವುದೆಂದು ಚೆನ್ನೈಯ ನೇತ್ರವೈದ್ಯರು ೨೦೦೬ರಲ್ಲಿ ಪ್ರಕಟಿಸಿದ್ದಾರೆ. ಗ್ಲಾಕೋಮಾ ಇರುವವರು ಅದನ್ನು ಮಾಡಲಾಗದು. ಅತಿಯಾದ ರಕ್ತದೊತ್ತಡವುಳ್ಳವರು, ಕತ್ತಿನ ಮೂಳೆಯ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ತಲೆಕೆಳಗಾಗಬಾರದು.

೬. ಶಾಲೆಯಲ್ಲಿ ನಾವು ಮಾಡಬಹುದಾದುದು

ವಿಶ್ವಸಂಸ್ಥೆಯ ಮಹಾಸಭೆ ೨೦೧೪ರ ಡಿಸೆಂಬರ್ ೧೧ರಂದು ೧೭೭ ರಾಷ್ಟ್ರಗಳ ಸಹಪ್ರಾಯೋಜನೆಯೊಡನೆ ಯೋಗದಿನದ ನಿರ್ಣಯವನ್ನು ಸ್ವೀಕರಿಸಿತು; ೨೦೧೫ರ ಜೂನ್ ೨೧ರಂದು ಮೊದಲ ಆಚರಣೆ ನಡೆಯಿತು. ಅಂದಿನಿಂದ ವರ್ಷಕ್ಕೊಂದು ದಿನ ನಾವೂ ಆಚರಿಸುತ್ತಿದ್ದೇವೆ. ವರ್ಷಕ್ಕೊಂದು ದಿನ ಊಟ ಮಾಡಿ ಯಾರೂ ಬದುಕಿಲ್ಲ. ಒಂದು ದಿನದ ಯೋಗದಿಂದಲೂ ಆರೋಗ್ಯ ಬಾರದು. ಅನುಭವದಿಂದ ಹೊಳೆದ ಕೆಲವು ಸಲಹೆಗಳನ್ನು ಅಧ್ಯಾಪಕ ಬಂಧುಗಳ ಮುಂದಿಡುತ್ತೇನೆ.

ಮೊದಲನೆಯದಾಗಿ, ಸರಳವಾದ ಐದಾರು ಆಸನಗಳು, ಐದು ನಿಮಿಷದ ನಿಧಾನದ ಉಸಿರಾಟ, ಇವನ್ನು ವಾರಕ್ಕೆ ಮೂರು ದಿನವಾದರೂ ನಡೆಸೋಣ. ಶೀರ್ಷಾಸನದಂತಹವುಗಳನ್ನು ಪ್ರದರ್ಶನಕ್ಕಾಗಿ ಮಕ್ಕಳಿಂದ ಮಾಡಿಸುವುದು ಬೇಡ.

ಎರಡನೆಯದಾಗಿ, ಯೋಗಕ್ಕಾಗಿ ಆಟದ ಪಿರಿಯಡನ್ನು ಕಿತ್ತುಕೊಳ್ಳಬಾರದು. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಅರುವತ್ತು ನಿಮಿಷವಾದರೂ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಓಟವೂ ಕಬಡ್ಡಿಯೂ ಕೊಡುವುದನ್ನು ಪದ್ಮಾಸನ ಕೊಡಲಾರದು. ಪದ್ಮಾಸನ ಕೊಡುವುದನ್ನು ಕಬಡ್ಡಿಯೂ ಕೊಡಲಾರದು.

ಮೂರನೆಯದಾಗಿ, ಒತ್ತಾಯ ಬೇಡ. ಮಂತ್ರವೋ ಪ್ರಾರ್ಥನೆಯೋ ಬೇಡವೆನ್ನುವ ಮನೆಯ ಮಗು ಸುಮ್ಮನೆ ಉಸಿರನ್ನು ಎಣಿಸಲಿ.

ನಾಲ್ಕನೆಯದಾಗಿ, ಚರಿತ್ರೆಯನ್ನು ಇದ್ದಂತೆ ಹೇಳೋಣ. ಉತ್ಪ್ರೇಕ್ಷೆಯನ್ನು ಕೇಳಿ ಬೆಳೆದ ಮಗು ಒಂದು ದಿನ ಅದು ಸುಳ್ಳೆಂದು ತಿಳಿದಾಗ, ಸುಳ್ಳಿನ ಸಂಗಡ ಇದ್ದ ನಿಜವನ್ನೂ ಎಸೆದುಬಿಡುತ್ತದೆ. ಯೋಗಕ್ಕೆ ಸುಳ್ಳು ವಯಸ್ಸಿನ ಅಗತ್ಯವಿಲ್ಲ. ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಮನಸ್ಸಿನ ಸಾಧನೆ, ಸುಮಾರು ಒಂದು ಸಾವಿರ ವರ್ಷದ ಹಠಯೋಗ, ನೂರು ವರ್ಷದ ಶಾಲಾ ವ್ಯಾಯಾಮ, ಇವೇ ಸಾಕಷ್ಟು ದೊಡ್ಡ ಸಂಗತಿಗಳು. ಮೇಲಾಗಿ, ನಮ್ಮ ಹಿರಿಯರ ಕಾಲದಲ್ಲಿ ನಮ್ಮ ನುಡಿಯಲ್ಲೇ ಒಂದು ವಿದ್ಯೆ ಹೊಸ ರೂಪ ತಾಳಿತೆಂದರೆ, ಮಕ್ಕಳಿಗೆ ತಾವೂ ಏನನ್ನಾದರೂ ಹೊಸದಾಗಿ ಕಟ್ಟಬಹುದೆಂಬ ಧೈರ್ಯ ಬರುತ್ತದೆ.

ಆ ಹುಡುಗಿಗೆ ಉತ್ತರ ಕೊಡಲು ನನಗೆ ಒಂದು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಅವಳ ತರಗತಿಗೆ ಹೋಗಿ, ಬೋರ್ಡಿನ ಮೇಲೆ ಕಾಲರೇಖೆಯೊಂದನ್ನು ಎಳೆದು, ಮೊಹೆಂಜೊದಾರೊವಿನ ಮುದ್ರೆಯ ಬಳಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆನು. ಅಲ್ಲಿಂದ ಉಪನಿಷತ್ತು, ಪತಂಜಲಿ, ಕದ್ರಿ, ಹಂಪೆ, ಮೈಸೂರು ಎಂದು ಬರೆಯುತ್ತ ಬಂದೆನು. ನಾನು ಹಿಂದೆ ಹೇಳಿಕೊಟ್ಟದ್ದು ತಪ್ಪಾಗಿತ್ತೆಂದೂ ಹೇಳಿದೆನು. ತರಗತಿ ಒಂದು ಗಳಿಗೆ ಸುಮ್ಮನಿತ್ತು. ಬಳಿಕ ಅವಳು ಎದ್ದುನಿಂತು, "ಹಾಗಾದರೆ ಆ ಮೂರು ಕನ್ನಡ ಪುಸ್ತಕ ನಮ್ಮ ಲೈಬ್ರರಿಗೆ ಯಾವಾಗ ಬರುತ್ತದೆ, ಸರ್?" ಎಂದು ಕೇಳಿದಳು.

ಯೋಗಮಾಲಾದ ಪ್ರತಿಯೊಂದನ್ನು ಮೈಸೂರಿನ ಮಿತ್ರರ ಮೂಲಕ ತರಿಸಿದ್ದೇನೆ. ಉಳಿದೆರಡು ಯಾವ ಅಧ್ಯಾಪಕ ಬಂಧುಗಳ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ನಮ್ಮ ಶಾಲೆಯ ಮಕ್ಕಳಿಗಾಗಿ ಒಂದು ಪ್ರತಿಯನ್ನು ತೆಗೆದುಕೊಳ್ಳಲು ಅನುವು ಮಾಡಿಕೊಡಬೇಕೆಂದು ಕೋರುತ್ತೇನೆ.